ಚೆಲುವನ್ನು ಹೊತ್ತ ಗೋಡೆಗಳು



ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಚಿಂಕ್ವೆ ತೆರ್ರೆ ಎಂಬ ಪ್ರದೇಶವಿದೆ. ಮೊಂತೆರೊಸ್ಸೊ, ವೆರ್ನಾತ್ಸಾ, ಮನರೋಲಾ ಮೊದಲಾದ ಐದು ಪುಟ್ಟ ಊರುಗಳು. ಕೆಳಗೆ ಮೆಡಿಟರೇನಿಯನ್ ಕಡಲು, ಮೇಲೆ ಕಡಿದಾದ ಗುಡ್ಡ. ಬೇಸಿಗೆಯಲ್ಲಿ ಪ್ರವಾಸಿಗರಿಗೆ ಕಾಲಿಡಲೂ ಜಾಗವಿಲ್ಲ. ಹೆಚ್ಚಿನವರು ಬಣ್ಣದ ಮನೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮುಂದಿನ ರೈಲು ಹಿಡಿಯುತ್ತಾರೆ.

ತಲೆಯೆತ್ತಿ ಗುಡ್ಡ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಪ್ರತಿ ಮೆಟ್ಟಿಲಿಗೂ ಒಂದು ಕಲ್ಲುಗೋಡೆ. ಗಾರೆಯಿಲ್ಲ, ಸಿಮೆಂಟಿಲ್ಲ. ದೊಡ್ಡ ಕಲ್ಲು ಅಡಿಗೆ, ಸಂದಿಗೆ ಚಕ್ಕೆ, ಬೆನ್ನಿಗೆ ಜಲ್ಲಿ. ಮಳೆನೀರು ಸಂದಿಯಿಂದ ಸೋರಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ನೀರಿಗೆ ದಾರಿ ಬಿಟ್ಟಿರುವುದರಿಂದಲೇ ಗೋಡೆ ಗಟ್ಟಿ. ಸುಮಾರು ಸಾವಿರ ವರ್ಷ ರೈತರು ಹೀಗೆ ಕಲ್ಲು ಜೋಡಿಸುತ್ತ ಬಂದರು. 1997ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿದ್ದು ಈ ದುಡಿಮೆಯನ್ನೂ ಕಂಡೇ.

ಆದರೆ ಇಂಥ ಗೋಡೆ ಒಮ್ಮೆ ಕಟ್ಟಿ ಮರೆಯುವಂಥದ್ದಲ್ಲ. ಪ್ರತಿ ವರ್ಷ ಅಲ್ಲೊಂದು ಇಲ್ಲೊಂದು ಕಲ್ಲು ಜಾರುತ್ತದೆ, ಯಾರಾದರೂ ಎತ್ತಿಡಬೇಕು. ಆದರೆ ಊರಿನವರಿಗೆ ಹತ್ತಿರದ ಲಾ ಸ್ಪೆತ್ಸಿಯಾದ ನೌಕಾನೆಲೆಯಲ್ಲಿ ಸಂಬಳದ ಕೆಲಸ ಸಿಕ್ಕಿತು, ಆಮೇಲೆ ಪ್ರವಾಸೋದ್ಯಮ ಬಂತು. ಬುಟ್ಟಿ ಹೊತ್ತು ಗುಡ್ಡ ಹತ್ತುವವರು ಕಡಿಮೆಯಾದರು. ಹಲವು ತೋಟಗಳು ಪಾಳುಬಿದ್ದವು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಭಾರಿ ಮಳೆ ಸುರಿಯಿತು. ಗುಡ್ಡಗಳು ಜಾರಿದವು, ವೆರ್ನಾತ್ಸಾದ ಮುಖ್ಯ ಬೀದಿ ಕೆಸರು ಕಲ್ಲುಗಳಲ್ಲಿ ಹೂತುಹೋಯಿತು. ಪ್ರಾಣಹಾನಿಯೂ ಆಯಿತು. ಅಂಥ ಮಳೆಗೆ ಯಾವ ಗುಡ್ಡವೂ ಕುಸಿದೀತು, ನಿಜ. ಆದರೂ ಆರೈಕೆಯಿದ್ದ ತೋಟಗಳಿಗಿಂತ ಕೈಬಿಟ್ಟ ತೋಟಗಳೇ ಹೆಚ್ಚು ಜಾರಿದ್ದವು ಎಂದು ತಜ್ಞರು ಗುರುತಿಸಿದರು.

ಕಟ್ಟಿದವರಿಗೆ ಹೆಸರು ಬರುತ್ತದೆ, ಶಂಕುಸ್ಥಾಪನೆಗೆ ಹಾರ ಬೀಳುತ್ತದೆ. ಜಾರಿದ ಕಲ್ಲನ್ನು ಎತ್ತಿಡುವವರಿಗೆ ಯಾರೂ ಹಾರ ಹಾಕುವುದಿಲ್ಲ. ಅವರು ಕೆಲಸ ಮಾಡುತ್ತಿರುವಷ್ಟು ದಿನ ಏನೂ ಆಗುವುದಿಲ್ಲ. ಏನೂ ಆಗದಿರುವುದು ಸುದ್ದಿಯಾಗುವುದಿಲ್ಲ.

ಚೆಲುವಾದ ಊರಿಗೆ ಹೋದಾಗ 'ಎಷ್ಟು ಚೆಂದ' ಎನ್ನೋಣ. ಜೊತೆಗೆ, ಇದನ್ನು ನೋಡಿಕೊಳ್ಳುವವರು ಯಾರು ಎಂದೂ ವಿಚಾರಿಸೋಣ. ಅಲ್ಲಿಯ ರೈತ ಬೆಳೆದದ್ದನ್ನು ಕೊಂಡು ತಿನ್ನೋಣ, ಕಾಲುದಾರಿಗೆ ಕೇಳುವ ಶುಲ್ಕವನ್ನು ಗೊಣಗದೆ ಕೊಡೋಣ. ನೋಡಿದ್ದಕ್ಕೆ ನಾವು ಸಲ್ಲಿಸಬೇಕಾದ ಬಾಕಿ ಅದು.