ಅಕ್ಕಿಯ ಧಾರಣೆಯೂ ನಮ್ಮ ಸಂಬಳವೂ



ಇಂದು ನಾವು ಎತ್ತಿಕೊಂಡಿರುವ ವಿಷಯಕ್ಕೆ ಪಾಂಡಿತ್ಯವೇನೂ ಬೇಕಿಲ್ಲ. ಎರ್ನಾಕುಳದ ಹೋಟೆಲುಗಳ ಅಡಿಗೆಮನೆಯಲ್ಲಿ ದುಡಿಯುವವರು, ತಿರುವನಂತಪುರದ ಚಾಲೆ ಬಜಾರಿನಲ್ಲಿ ಲೆಕ್ಕ ಬರೆಯುವವರು, ಕಟ್ಟಡದ ಕೆಲಸಕ್ಕೆ ಬಂದವರು, ಕಛೇರಿಯ ಗುಮಾಸ್ತರು, ಎಲ್ಲರೂ ತಿಂಗಳ ಮೊದಲ ವಾರದಲ್ಲಿ ದಿನಸಿ ಅಂಗಡಿಯ ಮುಂದೆ ನಿಂತು ಈ ಪಾಠವನ್ನು ಕಲಿತೇ ಬರುತ್ತೇವೆ. ಧಾರಣೆ ಏರಿತೆಂದು ಗೊಣಗುವುದು ನಮಗೆಲ್ಲ ಚೆನ್ನಾಗಿ ಬರುತ್ತದೆ. ಧಾರಣೆ ಏರಿದಾಗ ಸಂಬಳವೂ ಅದರ ಹಿಂದೆಯೇ ಏಕೆ ಏರುವುದಿಲ್ಲ, ಏರಬೇಕೆಂದು ಎಲ್ಲಾದರೂ ಬರೆದಿದೆಯೇ ಎಂದು ವಿಚಾರಿಸುವವರು ಮಾತ್ರ ಕಡಮೆ.

ಮೊದಲು ನಾವಿರುವ ಈ ನಾಡಿನ ಸ್ಥಿತಿಯನ್ನು ನೋಡೋಣ. ಕೇರಳವು ತಾನು ಉಣ್ಣುವ ಅಕ್ಕಿಯಲ್ಲಿ ಸ್ವಲ್ಪ ಪಾಲನ್ನು ಮಾತ್ರ ಬೆಳೆಯುತ್ತದೆ. ಇದು ನಿನ್ನೆ ಮೊನ್ನೆಯ ಸಂಗತಿಯಲ್ಲ. ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಕಾಲದಲ್ಲಿ ಅಕ್ಕಿ ಬರ್ಮಾದಿಂದ ಹಡಗಿನಲ್ಲಿ ಬರುತ್ತಿತ್ತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ಕೈಸೇರಿದೊಡನೆ ಆ ದಾರಿ ಮುಚ್ಚಿತು. ಚೇರ್ತಲದ ಕಡೆ ತೆಂಗಿನ ನಾರಿನ ಕೆಲಸ ಮಾಡುತ್ತಿದ್ದ ಕೂಲಿಕಾರರ ಮನೆಗಳಲ್ಲಿ ಹಸಿವಿನಿಂದಲೂ ರೋಗದಿಂದಲೂ ಜನ ಸತ್ತರು. ಇಂದು ಜಯಾ ಅಕ್ಕಿ ಬಹುಮಟ್ಟಿಗೆ ಆಂಧ್ರದಿಂದ ಬರುತ್ತದೆ, ಈರುಳ್ಳಿ ಮಹಾರಾಷ್ಟ್ರದಿಂದ, ತರಕಾರಿ ತಮಿಳುನಾಡಿನಿಂದಲೂ ನಮ್ಮ ಗುಂಡ್ಲುಪೇಟೆಯ ಕಡೆಯಿಂದಲೂ. ಗುಂಡ್ಲುಪೇಟೆಯಲ್ಲಿ ಅಣ್ಣ ಬೆಳೆದ ಹುರುಳಿಕಾಯನ್ನು ಎರ್ನಾಕುಳದಲ್ಲಿ ತಮ್ಮನು ದುಬಾರಿ ಬೆಲೆ ಕೊಟ್ಟು ಕೊಳ್ಳುವುದು ನಮ್ಮಲ್ಲಿ ಕೆಲವರ ಪಾಲಿಗೆ ಹಾಸ್ಯದ ಮಾತಲ್ಲ. ಎಲ್ಲಿಯೋ ಮಳೆ ತಪ್ಪಿದರೆ, ಲಾರಿಯ ಬಾಡಿಗೆ ಏರಿದರೆ, ಇಲ್ಲಿಯ ಸಂತೆಯಲ್ಲಿ ಮರುದಿನವೇ ತಿಳಿಯುತ್ತದೆ. 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿತು. 2025ರಲ್ಲಿ ತೆಂಗಿನೆಣ್ಣೆ ನಾನೂರನ್ನು ದಾಟಿತು, ತೆಂಗಿನ ನಾಡಿನಲ್ಲಿಯೇ!

ಇದಕ್ಕೆ ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಅರುವತ್ತರ ದಶಕದ ನಡುವಿನಿಂದ 1997ರ ತನಕ ಇಲ್ಲಿ ಹೆಚ್ಚುಕಡಮೆ ಎಲ್ಲ ಮನೆಗಳಿಗೂ ರೇಷನ್ ಅಕ್ಕಿ ಸಿಗುತ್ತಿತ್ತು. ಬಡವರೆಂದು ಗುರುತಿಸಿದವರಿಗೆ ಮಾತ್ರ ಅಗ್ಗದ ಧಾನ್ಯವೆಂಬ ಕಟ್ಟಳೆ ಆಮೇಲೆ ಬಂದಿತು. 1974ರಲ್ಲಿ ಸಪ್ಲೈಕೋ ಹುಟ್ಟಿತು, 1980ರಲ್ಲಿ ಮಾವೇಲಿ ಅಂಗಡಿಗಳು ತೆರೆದವು. ಅಕ್ಕಿ, ಬೇಳೆಕಾಳು, ಸಕ್ಕರೆ, ಮೆಣಸು, ಕೊತ್ತಂಬರಿ, ತೆಂಗಿನೆಣ್ಣೆ ಸೇರಿ ಹದಿಮೂರು ಸಾಮಾನುಗಳ ಬೆಲೆಯನ್ನು 2016ರಿಂದ ಎಂಟು ವರ್ಷ ಏರಿಸದೆ ಇಟ್ಟಿದ್ದರು. 2024ರ ಫೆಬ್ರುವರಿಯಲ್ಲಿ ಆ ಕ್ರಮ ಬದಲಾಯಿತು. ಮಾರುಕಟ್ಟೆಯ ಬೆಲೆಗಿಂತ ನೂರಕ್ಕೆ 35ರಷ್ಟು ಕಡಮೆ ಎಂದು ಗೊತ್ತುಮಾಡಿದರು. ಮೇಲುನೋಟಕ್ಕೆ ಇದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ಮೊದಲು ಸಂತೆಯಲ್ಲಿ ಬೆಲೆ ಏರಿದರೆ ಏರಿದ ಭಾರವೆಲ್ಲ ಸರ್ಕಾರದ್ದಾಗಿತ್ತು. ಹೊಸ ಕ್ರಮದಲ್ಲಿ ನೂರು ರೂಪಾಯಿ ಏರಿದರೆ ಅರುವತ್ತೈದು ನಮ್ಮ ತಲೆಯ ಮೇಲೆ ಬರುತ್ತದೆ. ಹಳೆಯ ಬೆಲೆಯ ಕಾಲದಲ್ಲಿ ಕಪಾಟುಗಳು ಖಾಲಿಯಿದ್ದ ತಿಂಗಳುಗಳೂ ಉಂಟು. ಸಾಮಾನಿಲ್ಲದ ಅಂಗಡಿಯ ಅಗ್ಗದ ಬೆಲೆಯಿಂದ ಯಾರ ಹೊಟ್ಟೆಯೂ ತುಂಬದು ಎಂಬುದು ನಿಜವೇ. ಮನೆಮಂದಿಯನ್ನು ಊರಿನಲ್ಲಿ ಬಿಟ್ಟು ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಇರುವ ನಮ್ಮ ಹುಡುಗರಿಗೆ 2020ರಲ್ಲಿ ಬಂದ ಜನಕೀಯ ಹೋಟೆಲುಗಳ ಇಪ್ಪತ್ತು ರೂಪಾಯಿಯ ಊಟ ದೊಡ್ಡ ಆಸರೆಯಾಗಿತ್ತು. 2023ರ ಆಗಸ್ಟಿನಲ್ಲಿ ಸರ್ಕಾರದ ಸಹಾಯಧನ ನಿಂತು ಅದು ಮೂವತ್ತಾಯಿತು.

ಇನ್ನು ಸಂಬಳದ ಮಾತು. 1957ರಲ್ಲಿ ದೆಹಲಿಯಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವೆಂದರೆ ಏನೆಂಬುದನ್ನು ತಟ್ಟೆಯಿಂದಲೇ ಲೆಕ್ಕಹಾಕಿತು. ದುಡಿಯುವವನು, ಹೆಂಡತಿ, ಇಬ್ಬರು ಮಕ್ಕಳು, ಒಟ್ಟು ಮೂರು ಪಾಲು. ಪಾಲಿಗೆ ದಿನಕ್ಕೆ 2700 ಕ್ಯಾಲೊರಿ ಆಹಾರ. ಇದು ಕೂನೂರಿನ ಪ್ರಯೋಗಾಲಯದಲ್ಲಿದ್ದ ಡಾಕ್ಟರ್ ಏಕ್ರಾಯ್ಡರ ಲೆಕ್ಕ. ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಮೊದಲಾದುವಕ್ಕೆ ನೂರಕ್ಕೆ ಇಪ್ಪತ್ತು. 1991ರಲ್ಲಿ ರಾಪ್ಟಾಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವುಗಳಿಗಾಗಿ ಇನ್ನೂ ನೂರಕ್ಕೆ 25 ಸೇರಬೇಕೆಂದಿತು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿಯೇ ಮೂಲ ವೇತನದ ಜೊತೆಗೆ ಬೆಲೆಯ ಸೂಚ್ಯಂಕದೊಡನೆ ಏರುವ ಭತ್ಯೆಗೆ ಅವಕಾಶವಿತ್ತು. ಹಾಗಾದರೆ ತೊಡಕೆಲ್ಲಿ?

ತೊಡಕು ಸೂಚ್ಯಂಕದಲ್ಲಿಯೇ ಒಂದಿದೆ. ಕಾರ್ಮಿಕರ ಬೆಲೆ ಸೂಚ್ಯಂಕದಲ್ಲಿ ಆಹಾರದ ತೂಕ ಮೊದಲು ನೂರಕ್ಕೆ 46ರಷ್ಟಿತ್ತು. 2016ನ್ನು ಆಧಾರ ವರ್ಷವಾಗಿಟ್ಟು 2020ರಲ್ಲಿ ತಂದ ಹೊಸ ಸರಣಿಯಲ್ಲಿ ಅದು 39ಕ್ಕೆ ಇಳಿಯಿತು. ದೇಶದ ಕಾರ್ಮಿಕರ ಸರಾಸರಿಗೆ ಅದು ಸರಿಯಿರಬಹುದು. ಆದರೆ ಹದಿನೈದು ಸಾವಿರ ಸಂಬಳದಲ್ಲಿ ಒಂಬತ್ತು ಸಾವಿರ ಊಟಕ್ಕೇ ಹೋಗುವ ಒಂದು ಮನೆಯನ್ನು ತೆಗೆದುಕೊಳ್ಳಿ. ಆಹಾರದ ಬೆಲೆ ನೂರಕ್ಕೆ ಹತ್ತು ಏರಿ ಉಳಿದುದೆಲ್ಲ ಹಾಗೆಯೇ ಇದ್ದರೆ ಆ ಮನೆಗೆ ತಿಂಗಳಿಗೆ ಒಂಬೈನೂರು ಹೆಚ್ಚು ಬೇಕು. ಸೂಚ್ಯಂಕ ಏರುವುದು ನೂರಕ್ಕೆ 3.9 ಮಾತ್ರ, ಇಡೀ ಸಂಬಳಕ್ಕೆ ಅದನ್ನು ಕಟ್ಟಿಕೊಟ್ಟರೂ ಸಿಗುವುದು 585 ರೂಪಾಯಿ. ಉಳಿದ 315 ಎಲ್ಲಿಂದ ಬರಬೇಕು? ಮೊದಲು ಹಾಲು ಹೋಗುತ್ತದೆ, ಆಮೇಲೆ ಬೇಳೆ ತೆಳ್ಳಗಾಗುತ್ತದೆ, ಆಮೇಲೆ ಊರಿಗೆ ಕಳುಹಿಸುವ ಹಣ.

ಇದು ಭತ್ಯೆ ಇರುವವರ ಕಥೆ. “ಎಲ್ಲಾ ಸೇರಿ ಇಷ್ಟು” ಎಂದು ಬಾಯಿಮಾತಿನಲ್ಲಿ ಗೊತ್ತುಮಾಡಿಕೊಂಡವರಿಗೆ 585 ಕೂಡ ಇಲ್ಲ. ನಮ್ಮಲ್ಲಿ ಬಹುಮಂದಿ ಈ ಗುಂಪಿನವರೇ. ಕೇರಳದಲ್ಲಿ ಕೂಲಿ ಹೆಚ್ಚಲ್ಲವೇ ಎಂದು ಊರಿನವರು ಕೇಳುತ್ತಾರೆ. ಹೌದು; ರಿಸರ್ವ್ ಬ್ಯಾಂಕಿನ ಪುಸ್ತಕದ ಪ್ರಕಾರ 2022-23ರಲ್ಲಿ ಹಳ್ಳಿಗಾಡಿನ ಕಟ್ಟಡ ಕೂಲಿ ಇಲ್ಲಿ ದಿನಕ್ಕೆ 852 ರೂಪಾಯಿ, ದೇಶದ ಸರಾಸರಿ 393. ಆದರೆ ಮೇಸ್ತ್ರಿಯ ಕೈದಾಟಿ ಬರುವ ಪರಊರಿನವನಿಗೆ ಅಷ್ಟೂ ಸಿಗುವುದು ಅಪರೂಪ. ಮಳೆಗಾಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಕೂಲಿಯಿಲ್ಲ, ಹಸಿವೆ ಮಾತ್ರ ರಜೆ ಹಾಕುವುದಿಲ್ಲ. ಆದುದರಿಂದ ಹೊಸ ಕೆಲಸಕ್ಕೆ ಸೇರುವಾಗ ಮೂಲ ವೇತನವೆಷ್ಟು, ತುಟ್ಟಿಭತ್ಯೆಯೆಷ್ಟು ಎಂದು ಬೇರೆಬೇರೆಯಾಗಿ ಬರೆಸಿಕೊಳ್ಳಬೇಕೆಂದು ನಾವು ಒತ್ತಿ ಹೇಳುತ್ತೇವೆ. ಕೇಳಲು ಸಂಕೋಚವಾದರೆ ನಾಲ್ಕು ಜನ ಸೇರಿ ಕೇಳಿರಿ.

ಇನ್ನೊಂದು ಸಂಗತಿ, ಹಲವರಿಗೆ ತಿಳಿಯದೆ ಇರುವುದು. ಊರಿನ ರೇಷನ್ ಕಾರ್ಡು ಇಲ್ಲಿಯೂ ನಡೆಯುತ್ತದೆ. ಕರ್ನಾಟಕ ಮತ್ತು ಕೇರಳ 2020ರಿಂದಲೇ “ಒಂದು ದೇಶ ಒಂದು ರೇಷನ್ ಕಾರ್ಡು” ಯೋಜನೆಯಲ್ಲಿವೆ. 2021ರ ಜೂನಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳೂ ಇದನ್ನು ಜಾರಿಗೆ ತರಬೇಕೆಂದು ಆಜ್ಞಾಪಿಸಿತು. ಅಂತ್ಯೋದಯ ಅಥವಾ ಆದ್ಯತಾ ಕಾರ್ಡು ಇದ್ದವರು ಕಾರ್ಡಿನ ನಂಬರು, ಆಧಾರ್ ಹಿಡಿದು ಎರ್ನಾಕುಳದ ರೇಷನ್ ಅಂಗಡಿಯಲ್ಲಿಯೂ ಬೆರಳಚ್ಚು ಒತ್ತಿ ಧಾನ್ಯ ಪಡೆಯಬಹುದು. ಆದ್ಯತಾ ಕಾರ್ಡಿಗೆ ತಲೆಗೆ ತಿಂಗಳಿಗೆ ಐದು ಕಿಲೋ. 2023ರ ಜನವರಿಯಿಂದ ಇದು ಉಚಿತ. ತನ್ನ ಪಾಲನ್ನು ಇಲ್ಲಿ ಪಡೆದು ಮನೆಯವರ ಪಾಲನ್ನು ಊರಿನಲ್ಲಿ ಬಿಡಬಹುದು; ಒಂದೇ ಪಾಲನ್ನು ಎರಡು ಕಡೆ ಪಡೆಯಲಾಗದು. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಡುವುದು ಇಲ್ಲಿ ಸಿಗದು, ಕೇಂದ್ರದ ಪಾಲು ಮಾತ್ರ. ಸಿಗುವ ಅಕ್ಕಿ ಕುಚ್ಚಲಕ್ಕಿಯಾಗಿದ್ದರೆ ದಕ್ಷಿಣ ಕನ್ನಡದವರಿಗೆ ಹಬ್ಬ, ಜೋಳದ ರೊಟ್ಟಿಯ ಧಾರವಾಡದವರಿಗೆ ಸ್ವಲ್ಪ ಪರೀಕ್ಷೆ!

ಊರಿಗೆ ಹೋದಾಗ ಕಾರ್ಡಿಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಂಡು, ನಂಬರನ್ನು ಬರೆದು ತನ್ನಿ. ಮಲಯಾಳ ಓದಬಲ್ಲ ಗುಮಾಸ್ತ ಮಿತ್ರರು ವಾರಕ್ಕೊಂದು ಸಂಜೆ ಈ ವಾಚನಾಲಯದಲ್ಲಿ ಕುಳಿತು, ಹೋಟೆಲು, ಕಟ್ಟಡ, ಅಂಗಡಿ ಕೆಲಸಗಳ ವೇತನದ ಅಧಿಸೂಚನೆಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದಾದರೆ, ಕೂಲಿಯ ಚೀಟಿ ಹಿಡಿದು ಬರುವವರು ಬೇಕಾದಷ್ಟು ಜನರಿದ್ದಾರೆ.