ಮನಸ್ಸಿನ ಭಾರಕ್ಕೆ ಮಾತಿನ ಚಿಕಿತ್ಸೆ: ಯಾವುದು, ಯಾರಿಗೆ, ಎಲ್ಲಿ?

ವಾರಕ್ಕೆ ಸಿಗುವುದು ಒಂದು ಭಾನುವಾರ. ಬಟ್ಟೆ ಒಗೆಯುವುದು, ಅಡುಗೆ, ಊರಿಗೆ ದುಡ್ಡು ಕಳಿಸುವುದು ಎಲ್ಲ ಅದೇ ದಿನ ಆಗಬೇಕು. ಅದರ ನಡುವೆ ಬಿಡುವು ಮಾಡಿಕೊಂಡು ಬಂದಿದ್ದೀರಿ, ಧನ್ಯವಾದ.

ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿ ಲೆಕ್ಕಪತ್ರ ನೋಡುವ ಕೆಲಸದಲ್ಲಿರುವವನು. ಇಲ್ಲಿ ವೇದಿಕೆಯಲ್ಲಿ ಸಂಬಳದ ಚೀಟಿ, ಓಟಿ, ಸಾಲದ ಲೆಕ್ಕ ನೋಡಿಕೊಡುತ್ತೇನೆ. ಲೆಕ್ಕ ಮುಗಿದು ಕಾಗದ ಮಡಚಿಟ್ಟ ಮೇಲೂ ಕೆಲವರು ಎದ್ದು ಹೋಗುವುದಿಲ್ಲ. "ಸರ್, ರಾತ್ರಿ ನಿದ್ದೆ ಹತ್ತಲ್ಲ", "ಎದೆ ಡವಡವ ಅಂತದ", "ಊಟ ಸೇರ್ತಿಲ್ಲ" ಅನ್ನುತ್ತಾರೆ. ಅಂಥವರಿಗೆ ಏನು ಹೇಳಬೇಕು, ಎಲ್ಲಿಗೆ ಕಳಿಸಬೇಕು ಅಂತ ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಆಪ್ತ ಸಮಾಲೋಚನೆ, ಅಂದರೆ ಕೌನ್ಸೆಲಿಂಗ್, ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮಾತಾಡಿದರೆ ಸಾಲ ತೀರುತ್ತಾ ಸರ್?" ತೀರುವುದಿಲ್ಲ. ಆದರೆ ಸಾಲ ತೀರಿಸಬೇಕಾದವರು ನೀವು. ನಿದ್ದೆ ಇಲ್ಲದೆ, ಊಟ ಇಲ್ಲದೆ, ಎತ್ತರದ ಸಾರುವೆ ಮೇಲೆ ನಿಂತಾಗ ಮನಸ್ಸು ಬೇರೆಲ್ಲೋ ಇದ್ದರೆ ಸಾಲವೂ ತೀರಲ್ಲ, ಜೀವಕ್ಕೂ ಅಪಾಯ. ಚಿತೆಗೂ ಚಿಂತೆಗೂ ಒಂದು ಸೊನ್ನೆ ಮಾತ್ರ ವ್ಯತ್ಯಾಸ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕೌನ್ಸೆಲಿಂಗ್ ಅಂದರೆ ಯಾರೋ ಕೂತು "ಧೈರ್ಯವಾಗಿರಿ" ಅಂತ ಸಮಾಧಾನ ಹೇಳುವುದು ಅಂತ. ಹಾಗಲ್ಲ. ಅದು ಕ್ರಮ ಇರುವ ಕೆಲಸ. ಇಷ್ಟು ಸಲ ಕೂರಬೇಕು, ಈ ತೊಂದರೆಗೆ ಈ ವಿಧಾನ, ಮುಂದಿನ ವಾರದೊಳಗೆ ನೀವು ಇಷ್ಟು ಮಾಡಿಕೊಂಡು ಬನ್ನಿ ಅನ್ನುವ ಲೆಕ್ಕ ಅದರಲ್ಲಿದೆ. ವಿಧಗಳು ತುಂಬಾ ಇವೆ. ನಮ್ಮ ಜನಕ್ಕೆ ಉಪಯೋಗಕ್ಕೆ ಬರುವ ಐದಾರನ್ನು ಹೇಳುತ್ತೇನೆ.

ಮೊದಲನೆಯದು: ಕೇಳಿಸಿಕೊಳ್ಳುವುದು

ಎಲ್ಲ ವಿಧಗಳಿಗೂ ಅಡಿಪಾಯ ಇದು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಇದನ್ನು ಒಂದು ಪದ್ಧತಿಯಾಗಿ ಬೆಳೆಸಿದರು. ಸಮಾಲೋಚಕರು ಬುದ್ಧಿ ಹೇಳುವುದಿಲ್ಲ, ತಪ್ಪು ಸರಿ ಅಂತ ತೀರ್ಪು ಕೊಡುವುದಿಲ್ಲ. ನೀವು ಹೇಳಿದ್ದನ್ನು ಗಮನ ಇಟ್ಟು ಕೇಳಿ, "ನೀವು ಹೇಳುತ್ತಿರುವುದು ಹೀಗೆ ತಾನೇ?" ಅಂತ ವಾಪಸ್ ಕೇಳುತ್ತಾರೆ. ಊರಲ್ಲಿ ಎಲ್ಲರಿಗೂ "ಚೆನ್ನಾಗಿದ್ದೀನಿ" ಅಂತಲೇ ಹೇಳಿ ಹೇಳಿ ಸುಸ್ತಾದವರಿಗೆ, ನಿಜ ಹೇಳುವುದಕ್ಕೆ ಒಂದು ಜಾಗ ಸಿಗುತ್ತೆ. ಎಷ್ಟೋ ಜನಕ್ಕೆ ಇದೇ ಸಾಕಾಗುತ್ತದೆ.

ಎರಡನೆಯದು: ಯೋಚನೆಯನ್ನು ಪರೀಕ್ಷೆ ಮಾಡುವುದು

ಇದಕ್ಕೆ ಸಿಬಿಟಿ ಅಂತಾರೆ. 1960ರ ದಶಕದಲ್ಲಿ ಡಾ. ಆರನ್ ಬೆಕ್ ಅನ್ನುವವರು ಅಮೆರಿಕದಲ್ಲಿ ಶುರು ಮಾಡಿದ್ದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾತ್ರಿ ಒಂಬತ್ತಕ್ಕೆ ಮನೆಗೆ ಫೋನ್ ಮಾಡುತ್ತೀರಿ, ಹೆಂಡತಿ ಎತ್ತುವುದಿಲ್ಲ. "ನನ್ನ ಮೇಲೆ ಬೇಜಾರಾಗಿದೆ, ಏನೋ ಮುಚ್ಚಿಡ್ತಿದ್ದಾಳೆ" ಅಂತ ಮನಸ್ಸಿಗೆ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಇಪ್ಪತ್ತು ಸಲ ಫೋನ್ ಮಾಡುತ್ತೀರಿ. ಕೊನೆಗೆ ಎತ್ತಿದಾಗ ಜಗಳ. ಬೆಳಿಗ್ಗೆ ನೋಡಿದರೆ ಊರಲ್ಲಿ ಕರೆಂಟ್ ಹೋಗಿ ಫೋನ್ ಚಾರ್ಜ್ ಇರಲಿಲ್ಲ ಅಷ್ಟೆ.

ಇಲ್ಲಿ ನಡೆದದ್ದು ಒಂದು, ಮನಸ್ಸು ಬರೆದುಕೊಂಡದ್ದು ಇನ್ನೊಂದು. ಸಮಾಲೋಚಕರು ಒಂದು ಕಾಗದದಲ್ಲಿ ಬರೆಸುತ್ತಾರೆ: ಏನಾಯಿತು? ಏನು ಅನ್ನಿಸಿತು? ಅದಕ್ಕೆ ಆಧಾರ ಏನು? ಬೇರೆ ಕಾರಣ ಇರಬಹುದಾ? ನಮ್ಮ ಕೆಲಸದಲ್ಲಿ ವೋಚರ್ ಇಲ್ಲದ ಖರ್ಚನ್ನು ಪುಸ್ತಕಕ್ಕೆ ಏರಿಸುವುದಿಲ್ಲ. ಹಾಗೆಯೇ ಆಧಾರ ಇಲ್ಲದ ಯೋಚನೆಯನ್ನು ನಿಜ ಅಂತ ಬರೆದುಕೊಳ್ಳದೆ ಇರುವುದನ್ನು ಕಲಿಸುತ್ತಾರೆ. ಆತಂಕ, ಖಿನ್ನತೆ, ನಿದ್ದೆ ಬಾರದಿರುವುದು ಇವಕ್ಕೆಲ್ಲ ಇದನ್ನು ಹೆಚ್ಚಾಗಿ ಬಳಸುತ್ತಾರೆ.

ಮೂರನೆಯದು: ಕೈಕಾಲು ಆಡಿಸುವುದು

ಮನಸ್ಸು ಕುಗ್ಗಿದಾಗ ಏನೂ ಬೇಡ ಅನ್ನಿಸುತ್ತೆ. ಕ್ರಿಕೆಟ್ ಬಿಟ್ಟೆ, ಅಡುಗೆ ಬಿಟ್ಟೆ, ರಜೆ ದಿನ ಬಂಕ್ ಮೇಲೆ ಮಲಗೇ ಇದ್ದೆ. ಮಲಗಿದಷ್ಟೂ ಇನ್ನೂ ಕುಗ್ಗುತ್ತದೆ. ಈ ಸುತ್ತನ್ನು ಮುರಿಯುವುದಕ್ಕೆ ಸಣ್ಣ ಸಣ್ಣ ಕೆಲಸ ಗೊತ್ತುಮಾಡಿ, ದಿನ ಮತ್ತು ಸಮಯ ಬರೆದು ಮಾಡಿಸುತ್ತಾರೆ. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾಯುವ ಹಾಗಿಲ್ಲ, ಮಾಡುತ್ತಾ ಹೋದರೆ ಮನಸ್ಸು ನಿಧಾನಕ್ಕೆ ಬರುತ್ತೆ.

ಇದು ನಮ್ಮ ಪಕ್ಕದ ಗೋವಾದಲ್ಲೇ ಪರೀಕ್ಷೆ ಆದ ವಿಧಾನ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಡಾಕ್ಟರ್ ಅಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತನಾಡುವ ವ್ಯವಸ್ಥೆ ಮಾಡಿದರು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಹೀಗೆ ಮಾತನಾಡಿದವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು ಅಂತ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು.

ನಾಲ್ಕನೆಯದು: ಸಮಸ್ಯೆಯನ್ನು ಬಿಡಿಸುವುದು

ನನಗೆ ಹೆಚ್ಚು ಹಿಡಿಸಿದ್ದು ಇದು. ವಿಶ್ವ ಆರೋಗ್ಯ ಸಂಸ್ಥೆ ಕಷ್ಟದಲ್ಲಿರುವ ಜನರಿಗಾಗಿ ಐದು ವಾರಗಳ ಒಂದು ಕಾರ್ಯಕ್ರಮವನ್ನೇ ಮಾಡಿದೆ. ಎಲ್ಲ ಚಿಂತೆಗಳನ್ನೂ ಪಟ್ಟಿ ಮಾಡಿ ಮೂರು ಭಾಗ ಮಾಡಬೇಕು: ನನ್ನ ಕೈಯಲ್ಲಿ ಆಗುವುದು, ಆಗದೇ ಇರುವುದು, ಅಷ್ಟೇನೂ ಮುಖ್ಯ ಅಲ್ಲದ್ದು. ಆಗುವುದರಲ್ಲಿ ಒಂದನ್ನು ಮಾತ್ರ ಹಿಡಿದು, ಎಷ್ಟು ದಾರಿ ಇದೆ ಅಂತ ಬರೆದು, ಒಂದನ್ನು ಆರಿಸಿ, ಈ ವಾರ ಮಾಡಿ ನೋಡಬೇಕು.

"ಸಾಲ, ಸಾಲ" ಅಂತ ಮನಸ್ಸಲ್ಲಿ ಇದ್ದಾಗ ಅದು ಬೆಟ್ಟ. ಕಾಗದಕ್ಕೆ ಇಳಿಸಿದರೆ ಮೂರು ಸಾಲ: ಏಜೆಂಟ್‌ಗೆ ಕೊಡಲು ನೂರಕ್ಕೆ ಮೂರರ ಬಡ್ಡಿಗೆ ತಂದ ಕೈಸಾಲ, ಬ್ಯಾಂಕಿನಲ್ಲಿ ಒಡವೆ ಅಡ, ಮಾವನಿಂದ ತಂದ ಬಡ್ಡಿಯಿಲ್ಲದ ದುಡ್ಡು. ನೂರಕ್ಕೆ ಮೂರು ಅಂದರೆ ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ. ಹಾಗಾದರೆ ಮೊದಲು ಯಾವುದನ್ನು ತೀರಿಸಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲದ ಮೊತ್ತ ಅಷ್ಟೇ ಇದೆ, ಆದರೆ ಕೈಗೆ ಒಂದು ಹಿಡಿ ಸಿಕ್ಕಿತು.

ಜಿಂಬಾಬ್ವೆ ದೇಶದಲ್ಲಿ ಡಾ. ಡಿಕ್ಸನ್ ಚಿಬಾಂಡಾ ಅನ್ನುವವರು 2006ರಿಂದ ಇದೇ ಥರ ನಡೆಸುತ್ತಿದ್ದಾರೆ. ಆಸ್ಪತ್ರೆ ಅಂಗಳದ ಮರದ ಬೆಂಚಿನ ಮೇಲೆ, ತರಬೇತಿ ಪಡೆದ ಅಜ್ಜಿಯರು ಜನರ ಕಷ್ಟ ಕೇಳುತ್ತಾರೆ. ಅಲ್ಲಿನ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ ಇರುವ ಹೆಸರಿನ ಅರ್ಥ "ಅತಿಯಾಗಿ ಯೋಚನೆ ಮಾಡುವುದು". ನಮ್ಮಲ್ಲೂ "ತುಂಬಾ ಯೋಚನೆ ಮಾಡ್ತಾನೆ" ಅಂತ ತಾನೇ ಹೇಳುವುದು?

ಐದನೆಯದು: ಸಂಬಂಧದ ಗಂಟು

ಅಪ್ಪ ತೀರಿಕೊಂಡರು, ಮಣ್ಣಿಗೆ ಹೋಗಲು ಆಗಲಿಲ್ಲ. ವಿಡಿಯೋ ಕಾಲ್‌ನಲ್ಲಿ ನೋಡಿದೆ. ಊರಲ್ಲಿ ಮೇಸ್ತ್ರಿ ಆಗಿದ್ದವನು ಇಲ್ಲಿ ಹೆಲ್ಪರ್ ಆದೆ. ಕಳಿಸಿದ ದುಡ್ಡಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟೆ. ಸಾವಿನ ದುಃಖ, ಸ್ಥಾನ ಬದಲಾದದ್ದು, ಹತ್ತಿರದವರ ಜೊತೆ ಮನಸ್ತಾಪ, ಒಂಟಿತನ ಇವನ್ನೇ ಹಿಡಿದು ನಡೆಸುವ ಚಿಕಿತ್ಸೆ ಒಂದಿದೆ, ಅದಕ್ಕೆ ಐಪಿಟಿ ಅಂತಾರೆ. ದುಃಖವನ್ನು ಪೂರ್ತಿ ದುಃಖಿಸಲು, ಜಗಳವಾಡದೆ ವಿಷಯ ಹೇಳಲು ಇಲ್ಲಿ ದಾರಿ ಹುಡುಕುತ್ತಾರೆ.

ಆರನೆಯದು: ಕುಡಿತ ಮತ್ತು ಜೂಜಿಗೆ

"ಕುಡೀಬೇಡ" ಅಂತ ಬೈದರೆ ಯಾರೂ ಬಿಡುವುದಿಲ್ಲ, ಕದ್ದು ಕುಡಿಯುತ್ತಾರೆ. 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಮನೋವಿಜ್ಞಾನಿ ಬೇರೆ ದಾರಿ ತೋರಿಸಿದರು. ಕುಡಿತದಿಂದ ಸಿಗುವುದೇನು, ಹೋಗುವುದೇನು, ನಿಮಗೆ ಬೇಕಾದದ್ದೇನು ಅಂತ ಕೇಳುತ್ತಾ, ಬಿಡಬೇಕೆಂಬ ಮಾತು ನಿಮ್ಮ ಬಾಯಿಂದಲೇ ಬರುವ ಹಾಗೆ ಮಾಡುವುದು. ಇದರ ಜೊತೆಗೆ ಒಂದೇ ಕಷ್ಟ ಇರುವವರು ಗುಂಪಾಗಿ ಕೂತು ಮಾತನಾಡುವ ಸಭೆಗಳೂ ಇವೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಸಿಂಗಾಪುರದಲ್ಲೂ ನಡೆಯುತ್ತವೆ.

ಸೈಟಿನಲ್ಲಿ ಅಪಘಾತ ನೋಡಿದವರಿಗೆ, ಜೊತೆಯವನು ಬಿದ್ದದ್ದನ್ನು ಕಂಡವರಿಗೆ, ಅದೇ ದೃಶ್ಯ ಕನಸಲ್ಲಿ ಬರುತ್ತಿದ್ದರೆ, ಅದಕ್ಕೇ ಬೇರೆ ಚಿಕಿತ್ಸೆ ಇದೆ. ಅದನ್ನು ಪೂರ್ತಿ ತರಬೇತಿ ಆದ ಮನೋವಿಜ್ಞಾನಿಗಳು ಮಾಡಬೇಕು. ಮೊದಲ ದಿನವೇ ಎಲ್ಲ ಹೇಳಬೇಕು ಅಂತ ಇಲ್ಲ.

ಮಾತು ಸಾಲದೇ ಇರುವ ಸಂದರ್ಭವೂ ಇದೆ. ಯಾರೂ ಇಲ್ಲದಾಗ ಧ್ವನಿ ಕೇಳಿಸುವುದು, ಎಲ್ಲರೂ ಸೇರಿ ನನ್ನನ್ನು ಮುಗಿಸುತ್ತಾರೆ ಅನ್ನಿಸುವುದು, ದಿನಗಟ್ಟಲೆ ಊಟ ನಿದ್ದೆ ಬಿಟ್ಟಿರುವುದು ಕಂಡರೆ ಮನೋವೈದ್ಯರನ್ನೇ ನೋಡಬೇಕು, ಮಾತ್ರೆಯೂ ಬೇಕಾಗಬಹುದು. ಮಾತ್ರೆ ಮತ್ತು ಮಾತು ಎರಡೂ ಒಟ್ಟಿಗೆ ನಡೆಯಬಹುದು. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ನಮ್ಮ ಭಯಗಳು

"ಹುಚ್ಚ ಅಂತಾರೆ." 2020ರ ಏಪ್ರಿಲ್ ನೆನಪಿಸಿಕೊಳ್ಳಿ. ಕೊರೊನಾ ಬಂದು ಪುಂಗೊಲ್‌ನ ಎಸ್‌11 ಸೇರಿ ಡಾರ್ಮಿಟರಿಗಳನ್ನು ಮುಚ್ಚಿದಾಗ, ಗಟ್ಟಿ ಆಳುಗಳೇ ತಿಂಗಳುಗಟ್ಟಲೆ ರೂಮಿನಲ್ಲಿ ಕುಗ್ಗಿ ಹೋದರು. ಅವರು ಹುಚ್ಚರಾಗಿರಲಿಲ್ಲ, ಭಾರ ಜಾಸ್ತಿ ಆಗಿತ್ತು. ಅದನ್ನು ಸರ್ಕಾರವೂ ಗಮನಿಸಿ, ಅದೇ ವರ್ಷ ವಲಸೆ ಕಾರ್ಮಿಕರ ಮಾನಸಿಕ ಆರೋಗ್ಯಕ್ಕಾಗಿ ಪ್ರಾಜೆಕ್ಟ್ ಡಾನ್ ಅಂತ ಕಾರ್ಯಕ್ರಮ ಶುರು ಮಾಡಿತು.

"ಬಾಸ್‌ಗೆ ಗೊತ್ತಾಗುತ್ತೆ." ನೀವು ಹೇಳಿದ್ದನ್ನು ಗುಟ್ಟಾಗಿ ಇಡುವುದು ಸಮಾಲೋಚಕರ ವೃತ್ತಿ ಧರ್ಮ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಅದನ್ನು ಮೀರಬೇಕಾಗುತ್ತದೆ. ಮೊದಲ ಭೇಟಿಯಲ್ಲೇ ಧೈರ್ಯವಾಗಿ ಕೇಳಿ: "ನಾನು ಹೇಳಿದ್ದು ಯಾರಿಗೆ ಹೋಗುತ್ತೆ? ಕಂಪನಿಗೆ ಹೇಳ್ತೀರಾ?" ಇದು ಕೇಳಲೇಬೇಕಾದ ಪ್ರಶ್ನೆ.

"ಭಾಷೆ ಬರಲ್ಲ." ಇದು ನಿಜವಾದ ತೊಂದರೆ. ಇಲ್ಲಿ ತಮಿಳು, ಬಂಗಾಳಿ ಮಾತನಾಡುವ ಕಾರ್ಮಿಕರು ಹೆಚ್ಚು, ನಾವು ಕಡಿಮೆ. ಫೋನ್ ಎತ್ತಿದ ಕೂಡಲೇ ನಿಮಗೆ ಬರುವ ಭಾಷೆ ಹೇಳಿ: ತಮಿಳೋ, ತೆಲುಗೋ, ಹಿಂದಿಯೋ. ನಂಬಿಕೆಯ ಗೆಳೆಯನನ್ನು ಜೊತೆಗೆ ಕೂರಿಸಿಕೊಳ್ಳಬಹುದಾ ಅಂತ ಕೇಳಿ. ಹೋಗುವ ಮೊದಲು ಕನ್ನಡದಲ್ಲೇ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ: ಎಷ್ಟು ದಿನದಿಂದ, ನಿದ್ದೆ ಹೇಗಿದೆ, ಊಟ ಹೇಗಿದೆ, ಯಾವುದು ಹೆಚ್ಚು ಕಾಡುತ್ತಿದೆ. ಓದುವ ಅಭ್ಯಾಸ ಇರುವವರಿಗೆ, ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ತುಂಬಾ ಇವೆ.

ಜೊತೆಯವರು ಏನು ಮಾಡಬಹುದು?

ರೂಮಿನಲ್ಲಿ ಒಬ್ಬ ಮಾತು ಕಡಿಮೆ ಮಾಡಿದರೆ, ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ ಸರಿ ಇಲ್ಲದಿದ್ದರೆ, ತನ್ನ ಸಾಮಾನು ಬೇರೆಯವರಿಗೆ ಹಂಚುತ್ತಿದ್ದರೆ ಸುಮ್ಮನಿರಬೇಡಿ. "ಗಂಡಸಾಗಿ ಅಳ್ತೀಯಲ್ಲೋ" ಅನ್ನಬೇಡಿ. ಪಕ್ಕದಲ್ಲಿ ಕೂತು "ಏನಾಯ್ತು, ಹೇಳು" ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಎಷ್ಟೋ ಜನಕ್ಕೆ ಉಸಿರು ಬಂದಂತಾಗುತ್ತದೆ. "ಹೌದು" ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಕೂಡಲೇ ಸಹಾಯಕ್ಕೆ ಫೋನ್ ಮಾಡಿ. ಸಿಂಗಾಪುರದಲ್ಲಿ 2020ರ ಜನವರಿ 1ರಿಂದ ಆತ್ಮಹತ್ಯೆ ಪ್ರಯತ್ನ ಅಪರಾಧ ಅಲ್ಲ. ಜೈಲಿನ ಭಯಕ್ಕೆ ಮುಚ್ಚಿಡುವುದು ಬೇಡ.

ಫೋನಿನಲ್ಲಿ ಬರೆದಿಟ್ಟುಕೊಳ್ಳಿ

ಹೆಲ್ತ್‌ಸರ್ವ್, ವಲಸೆ ಕಾರ್ಮಿಕರಿಗಾಗಿ, 24 ಗಂಟೆ: 3129 5000.
ಮೈಗ್ರಂಟ್ ವರ್ಕರ್ಸ್ ಸೆಂಟರ್, ಸಂಬಳ ಮತ್ತು ಕೆಲಸದ ತೊಂದರೆಗೆ, 24 ಗಂಟೆ: 6536 2692.
ಮನೆಕೆಲಸದ ಅಕ್ಕತಂಗಿಯರಿಗೆ, ಸೆಂಟರ್ ಫಾರ್ ಡೊಮೆಸ್ಟಿಕ್ ಎಂಪ್ಲಾಯೀಸ್: 1800 2255 233.
ಸಮಾರಿಟನ್ಸ್ ಆಫ್ ಸಿಂಗಾಪುರ್, ಸಾಯಬೇಕು ಅನ್ನಿಸಿದಾಗ, 24 ಗಂಟೆ: 1767. ಹೆಸರು ಹೇಳದೆಯೂ ಮಾತನಾಡಬಹುದು.
ನ್ಯಾಷನಲ್ ಮೈಂಡ್‌ಲೈನ್, 24 ಗಂಟೆ: 1771.
ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್, ಬ್ವಾಂಗ್‌ಕಾಕ್, 24 ಗಂಟೆ: 6389 2222.
ಜೀವಕ್ಕೆ ಅಪಾಯ ಇದ್ದರೆ ಆಂಬುಲೆನ್ಸ್: 995.

ಕೊನೆಯದಾಗಿ, ಕಷ್ಟ ಊರಲ್ಲಿ ಇರುವವರಿಗೂ ಇದೆ. ನೀವಿಲ್ಲದೆ ಮನೆ ನಡೆಸುತ್ತಿರುವ ಹೆಂಡತಿಗೆ, ವಯಸ್ಸಾದ ತಾಯಿಗೆ, ಅವರು ಭಾರತದೊಳಗಿಂದ 14416ಕ್ಕೆ ಫೋನ್ ಮಾಡಬಹುದು ಅಂತ ಹೇಳಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಆ ಒಂದು ನಂಬರ್ ಬರೆಸಿ.

ಪ್ರಶ್ನೆಗಳಿದ್ದರೆ ಈಗ ಕೇಳಿ. ಎಲ್ಲರ ಮುಂದೆ ಬೇಡ ಅನ್ನುವವರು ಸಭೆ ಮುಗಿದ ಮೇಲೆ ಲೆಕ್ಕದ ಮೇಜಿನ ಹತ್ತಿರ ಬನ್ನಿ, ಕಾಗದ ತರದಿದ್ದರೂ ಪರವಾಗಿಲ್ಲ.