ಬರೆದವನು, ಹೇಳಿದವನು



ಮೂರು ದಶಕಗಳಿಗೂ ಮೇಲ್ಪಟ್ಟು ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿದ ಮೇಷ್ಟರೊಬ್ಬ ಚಲನಚಿತ್ರವನ್ನು ಕುರಿತು ಮಾತನಾಡಲು ಹೊರಟದ್ದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆದರೆ ನಮ್ಮನ್ನು ಬಹುಕಾಲ ಕಾಡುವ ಕಥೆಗಳೆಲ್ಲ ಓಲೆಗರಿಯ ಮೇಲೆಯೇ ಇರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ನನ್ನನ್ನು ಹಾಗೆ ಕಾಡಿದ ಕಥೆಗಳಲ್ಲಿ ಒಂದು, ಶಂಕರ್‌ನಾಗ್ ಅವರು ನಿರ್ದೇಶಿಸಿದ ‘ಆಕ್ಸಿಡೆಂಟ್’.

1980ರ ದಶಕದ ನಡುವೆ ತೆರೆಕಂಡ ಈ ಚಿತ್ರದ ಕಥೆ ಸರಳವಾದದ್ದು. ರಾಜಕಾರಣಿ ಧರ್ಮಾಧಿಕಾರಿಯ ಮಗ ದೀಪಕ ಅಮಲಿನಲ್ಲಿ ರಾತ್ರಿ ಕಾರು ಓಡಿಸುತ್ತ, ಬೀದಿಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಅದನ್ನು ಹರಿಸುತ್ತಾನೆ. ಮಗನನ್ನು ಉಳಿಸಲು ತಂದೆಯ ಅಧಿಕಾರಬಲವೆಲ್ಲ ಕೆಲಸಕ್ಕೆ ತೊಡಗುತ್ತದೆ. ರವಿ ಎಂಬ ಪತ್ರಕರ್ತ ಸತ್ಯದ ಬೆನ್ನುಹತ್ತುತ್ತಾನೆ. ಧರ್ಮಾಧಿಕಾರಿಯಾಗಿ ಅನಂತ್‌ನಾಗ್, ಪತ್ರಕರ್ತನಾಗಿ ಸ್ವತಃ ಶಂಕರ್‌ನಾಗ್. ಒಂದೇ ತಾಯಿಯ ಮಕ್ಕಳು ಎದುರುಬದುರು ನಿಂತು ಅಧಿಕಾರವನ್ನೂ ಲೇಖನಿಯನ್ನೂ ಅಭಿನಯಿಸಿದರು. ಸಾಮಾಜಿಕ ವಿಷಯದ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂದಿತು. ಕಥೆಯ ಮುಕ್ತಾಯವನ್ನು ನೋಡದವರಿಗಾಗಿ ನಾನಿಲ್ಲಿ ಬಿಟ್ಟಿದ್ದೇನೆ.

ಆಗ ನಾನು ಚಿಂತಾಮಣಿಯಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದೆ. ಏಳೆಂಟು ಮಂದಿ ವಿದ್ಯಾರ್ಥಿಗಳೊಡನೆ ಎರಡನೆಯ ಆಟಕ್ಕೆ ಹೋಗಿ ಈ ಚಿತ್ರವನ್ನು ನೋಡಿದೆ. ಪತ್ರಕರ್ತ ದಿಟ್ಟವಾಗಿ ಮಾತನಾಡಿದಾಗಲೆಲ್ಲ ಹುಡುಗರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಆ ಚಿತ್ರದಲ್ಲಿ ರಾಮಣ್ಣ ಎಂಬ ಇನ್ನೊಬ್ಬನಿದ್ದಾನೆ. ರಮೇಶ್ ಭಟ್ ಅವರು ಆ ಪಾತ್ರವನ್ನು ವಹಿಸಿದ್ದಾರೆ. ಕಾರು ಹರಿದ ಜಾಗದಲ್ಲಿ ಬದುಕಿ ಉಳಿದವನು, ಕಂಡದ್ದನ್ನು ಹೇಳಬಲ್ಲವನು ಅವನು. ಅವನಿಲ್ಲದೆ ರವಿಗೆ ಬರೆಯಲು ಒಂದು ವಾಕ್ಯವೂ ಇಲ್ಲ. ಆದರೂ ಅಂದು ರಾಮಣ್ಣನಿಗೆಂದು ನಮ್ಮಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೀಗೆ ತಟ್ಟದೆಹೋದದ್ದು ಎಂಥ ಮರೆವು ಎಂಬುದು ನನಗೆ ತಿಳಿದದ್ದು ಅನೇಕ ವರ್ಷಗಳ ಮೇಲೆ.

ಅಂದು ನನ್ನೊಡನೆ ಬಂದಿದ್ದ ಹುಡುಗರಲ್ಲಿ ಒಬ್ಬ ಮುಂದೆ ಶಿಡ್ಲಘಟ್ಟದ ಕಡೆ ಪತ್ರಿಕೆಯೊಂದರ ವರದಿಗಾರನಾದ. ಒಂದು ಹಳ್ಳಿಯ ಕೆರೆಯಂಗಳವನ್ನು ಊರಿನ ಪ್ರಬಲರೊಬ್ಬರು ವರ್ಷವರ್ಷವೂ ಒಂದಿಷ್ಟಾಗಿ ಒತ್ತುವರಿ ಮಾಡುತ್ತಿದ್ದಾರೆಂಬುದು ಅವನ ಕಿವಿಗೆ ಬಿತ್ತು. ನದಿಯ ಆಸರೆ ಕಡಮೆಯಾದ ನಮ್ಮ ಸೀಮೆಯಲ್ಲಿ ಕೆರೆ ಎಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆ ಊರಿನ ಮುದುಕರೊಬ್ಬರು ಅವನನ್ನು ಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋಗಿ, ಹಳೆಯ ಗಡಿ ಎಲ್ಲಿತ್ತು, ತೂಬಿನ ಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬುದನ್ನೆಲ್ಲ ತಮ್ಮ ಮನೆಮಾತಾದ ತೆಲುಗಿನಲ್ಲಿ ಹೇಳಿದರು. ಅವನು ಅದನ್ನು ಕನ್ನಡದಲ್ಲಿ ಬರೆದುಕೊಂಡು ಬಂದು ನನಗೆ ತೋರಿಸಿ, “ಸಾರ್, ಅಜ್ಜನ ಹೆಸರು ಹಾಕಲೋ ಬೇಡವೋ?” ಎಂದು ಕೇಳಿದ. ನಾನು ಯೋಚಿಸಲೇ ಇಲ್ಲ. “ಹೆಸರಿಲ್ಲದ ಮಾತು ಗಾಳಿಮಾತಾಗುತ್ತದಯ್ಯ, ಹಾಕು” ಎಂದುಬಿಟ್ಟೆ.

ವರದಿ ಅಚ್ಚಾಯಿತು. ಊರಿನಲ್ಲಿ ಯಾರೂ ಆ ಮುದುಕರನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅವರ ಅರ್ಧ ಎಕರೆ ಹಿಪ್ಪುನೇರಳೆ ತೋಟಕ್ಕೆ ಪಕ್ಕದವರ ಕೊಳವೆಬಾವಿಯಿಂದ ಬರುತ್ತಿದ್ದ ನೀರು ಮಾತ್ರ ನಿಂತುಹೋಯಿತು. ಹುಳುಗಳು ಆಗ ನಾಲ್ಕನೆಯ ಜ್ವರವೆದ್ದಿದ್ದವು. ರೇಷ್ಮೆ ಬೆಳೆಯುವವರಿಗೆ ಇದರ ಅರ್ಥ ಗೊತ್ತು; ಹುಳು ಹಗಲಿರುಳೆನ್ನದೆ ಸೊಪ್ಪು ತಿನ್ನುವ ಕಾಲ ಅದು. ಸೊಪ್ಪು ಬಾಡಿತು, ಆ ಸಲದ ಬೆಳೆ ಚಂದ್ರಿಕೆಗೆ ಏರಲಿಲ್ಲ. ನಾನು ಹೋಗಿ ನೋಡಿದಾಗ ಅವರು ಹೇಳಿದ್ದು ಇಷ್ಟೆ: “ಬರೆದದ್ದು ಸುಳ್ಳಲ್ಲ ಸಾಮಿ. ನನ್ನ ಹೆಸರು ಯಾಕೆ ಬೇಕಿತ್ತು?” ನನಗೆ ಉತ್ತರ ಹೊಳೆಯಲಿಲ್ಲ.

ಆ ಉತ್ತರವನ್ನು ಹುಡುಕುತ್ತಿದ್ದಾಗ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ಎಂಬ 1976ರ ಅಮೆರಿಕದ ಚಿತ್ರವನ್ನು ನೋಡಿದೆ. 1972ರ ಜೂನ್‌ನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ವಿರೋಧಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದದ್ದು, ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ವುಡ್‌ವರ್ಡ್ ಮತ್ತು ಬರ್ನ್‌ಸ್ಟೀನ್ ಎಂಬ ಇಬ್ಬರು ತರುಣ ವರದಿಗಾರರು ಅದರ ಎಳೆ ಹಿಡಿದು ಹೊರಟದ್ದು, 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟದ್ದು, ಇವೆಲ್ಲ ಪ್ರಸಿದ್ಧ ಸಂಗತಿಗಳು. ಆದರೆ ನನ್ನ ಕಣ್ಣು ನಿಂತದ್ದು ಒಂದು ಸಣ್ಣ ದೃಶ್ಯದ ಮೇಲೆ. ಅಧ್ಯಕ್ಷರ ಚುನಾವಣಾ ಸಮಿತಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹೆಂಗಸೊಬ್ಬಳ ಮನೆಗೆ ಬರ್ನ್‌ಸ್ಟೀನ್ ಬರುತ್ತಾನೆ. ಆಕೆಗೆ ಭಯ; ಹೇಳಬೇಕೆಂಬ ತವಕವೂ ಉಂಟು. ಹಣ ಯಾರು ಯಾರಿಗೆ ಹೋಯಿತೆಂಬುದನ್ನು ಹೇಳುವಾಗ ಪೂರ್ತಿ ಹೆಸರು ಅವಳ ಬಾಯಿಂದ ಬರುವುದಿಲ್ಲ, ಮೊದಲಕ್ಷರಗಳು ಮಾತ್ರ ಬರುತ್ತವೆ. ವರದಿಗಾರರು ಅಷ್ಟನ್ನು ಹಿಡಿದುಕೊಂಡು, ಉಳಿದದ್ದನ್ನು ಬೇರೆ ಕಡೆಗಳಿಂದ ಖಚಿತಪಡಿಸಿಕೊಳ್ಳಲು ಹೊರಡುತ್ತಾರೆ. ಕಥೆಯ ಭಾರವನ್ನೆಲ್ಲ ಅವಳೊಬ್ಬಳ ತಲೆಯ ಮೇಲೆ ಹೊರಿಸುವುದಿಲ್ಲ. ಅವರಿಗೆ ಕತ್ತಲಲ್ಲಿ ಸುಳಿವು ಕೊಡುತ್ತಿದ್ದ ಉನ್ನತ ಅಧಿಕಾರಿಯ ಹೆಸರಂತೂ 2005ರಲ್ಲಿ, ಅವನ ಕಡೆಯಿಂದಲೇ ಬಹಿರಂಗವಾಗುವವರೆಗೆ, ಮೂರು ದಶಕಕ್ಕೂ ಮೇಲ್ಪಟ್ಟು ಗುಟ್ಟಾಗಿಯೇ ಉಳಿಯಿತು.

ಆಗ ನನ್ನ ತಪ್ಪು ನನಗೆ ಕಂಡಿತು. ಕೆರೆಯ ಗಡಿಯನ್ನು ಹೇಳಲು ಗ್ರಾಮನಕ್ಷೆಯಿತ್ತು, ಪಹಣಿಯಿತ್ತು. ತಾಲ್ಲೂಕು ಕಚೇರಿಯ ಕಾಗದಗಳು ಹೊರಬಲ್ಲ ಭಾರವನ್ನು ನಾನು ಒಬ್ಬ ಬಡಮುದುಕರ ಹೆಸರಿನ ಮೇಲೆ ಹೊರಿಸಿದ್ದೆ. ಕಾಗದಕ್ಕೆ ಹಿಪ್ಪುನೇರಳೆ ತೋಟವಿಲ್ಲ. ಅದರ ನೀರನ್ನು ಯಾರೂ ನಿಲ್ಲಿಸಲಾರರು.

ನಮ್ಮ ಸೀಮೆಯ ಇತಿಹಾಸದಲ್ಲಿಯೇ ಈ ಮಾತಿಗೆ ಇನ್ನೂ ದೊಡ್ಡ ನಿದರ್ಶನಗಳಿವೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ನಿಷೇಧವನ್ನು ಮೀರಿ ಧ್ವಜಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕಕ್ಕೆ ಸತ್ತವರು 10. ಜನರ ಲೆಕ್ಕಕ್ಕೆ 32. ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆಯೂ ನಡೆಯಿತು. ಎರಡು ಸಂಖ್ಯೆಗಳ ನಡುವಣ ಆ ಅಂತರ ಇಂದಿಗೂ ಉಳಿದಿದ್ದರೆ, ಅದಕ್ಕೆ ಕಾರಣ ಹೆಣ ಎಣಿಸಿದವರು, ನೆನಪಿಟ್ಟವರು, ಮಕ್ಕಳಿಗೆ ಹೇಳಿದವರು. ಅವರು ಬಾಯಿಮುಚ್ಚಿಕೊಂಡಿದ್ದರೆ ಚರಿತ್ರೆಗೆ ಒಂದೇ ಸಂಖ್ಯೆ ಸಿಗುತ್ತಿತ್ತು.

ಇದರ ಇನ್ನೊಂದು ಮುಖ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. ದೇಶದ ಪತ್ರಿಕೆಗಳೆಲ್ಲ ಬರೆದವು. ಸುದ್ದಿ ಮುಚ್ಚಿಹೋಗಲಿಲ್ಲ, ಆ ಮಟ್ಟಿಗೆ ಪತ್ರಿಕೆಗಳು ತಮ್ಮ ಕೆಲಸವನ್ನು ಮಾಡಿದವು. ಆದರೆ ವಿಚಾರಣೆಯ ಹೊತ್ತಿಗೆ ಸಾಕ್ಷಿಗಳು ತಮ್ಮ ಹೇಳಿಕೆಗಳಿಂದ ಹಿಂದೆ ಸರಿದರು. 2006ರಲ್ಲಿ ಆರೋಪಿಗಳೆಲ್ಲರ ಬಿಡುಗಡೆಯಾಯಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಿಂದೆ ಸರಿದವರನ್ನು ಹೇಡಿಗಳೆಂದು ಪಟ್ಟಣದಲ್ಲಿ ಕುಳಿತ ನಾವು ಹಳಿಯುವುದು ಸುಲಭ. ಅವರು ಮರುದಿನವೂ ಅದೇ ಊರಿನಲ್ಲಿ ನೀರು ತರಬೇಕು, ಅದೇ ಹೊಲಗಳಿಗೆ ಕೂಲಿಗೆ ಹೋಗಬೇಕು. ವರದಿಗಾರ ಸಂಜೆಯ ಬಸ್ಸು ಹಿಡಿದು ಹಿಂದಿರುಗಬಹುದು. ಹೇಳಿದವನಿಗೆ ಹೋಗಲು ಬೇರೆ ಊರಿಲ್ಲ. ಸಾಕ್ಷಿಗಳ ರಕ್ಷಣೆಗೆಂದು ಒಂದು ಯೋಜನೆಗೆ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಕಂಬಾಲಪಲ್ಲಿಯ ಪಾಲಿಗೆ ಅದು ಬಹಳ ತಡವಾಗಿ ಬಂದಿತು.

ಪತ್ರಿಕೋದ್ಯಮವನ್ನು ಕುರಿತ ಚಿತ್ರಗಳೆಲ್ಲ ಬರೆದವನನ್ನೇ ನಾಯಕನನ್ನಾಗಿ ಮಾಡುತ್ತವೆ. ಅದು ಸಹಜ, ಓಡುವವನು, ಹುಡುಕುವವನು, ಬೆದರಿಕೆಗೆ ಮಣಿಯದವನು ಅವನೇ. ಅವನ ಧೈರ್ಯವನ್ನು ನಾನು ಕಡಮೆಯೆನ್ನುತ್ತಿಲ್ಲ. ಕರ್ತವ್ಯನಿಷ್ಠೆಗಾಗಿ ಜೀವ ತೆತ್ತ ಪತ್ರಕರ್ತರು ನಮ್ಮ ದೇಶದಲ್ಲಿಯೂ ಉಂಟು. ಆದರೆ ಇಂಥ ವರದಿಯೊಂದನ್ನು ಓದಿ ಮೆಚ್ಚುವಾಗ, ಇದನ್ನು ಇವನಿಗೆ ಹೇಳಿದವರಾರು, ಇಂದು ಅವರು ಹೇಗಿದ್ದಾರೆ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಓದುಗರಾದ ನಮ್ಮ ಪಾಲಿನ ಹೊಣೆಯೆಂದು ನನಗೆ ತೋರುತ್ತದೆ.

ನನ್ನ ಆ ವಿದ್ಯಾರ್ಥಿ ಈಗಲೂ ಬರೆಯುತ್ತಾನೆ. ಮುದುಕರ ತೋಟಕ್ಕೆ ಬೇರೊಬ್ಬರ ಬಾವಿಯಿಂದ ನೀರು ಕೊಡಿಸಲು ಅವನು ತಿಂಗಳುಗಟ್ಟಲೆ ಅಲೆದು, ಕೊನೆಗೆ ಕೊಡಿಸಿದ. ಆಮೇಲೆ ಅವನು ತಂದ ವರದಿಗಳಲ್ಲಿ ಮೊದಲು ಪಹಣಿಯ ನಕಲು, ಆಮೇಲೆ ಮನುಷ್ಯರ ಮಾತು. ಹೆಸರು ಹಾಕುವ ವಿಷಯವನ್ನು ಮಾತ್ರ ಅವನು ಮತ್ತೆಂದೂ ನನ್ನನ್ನು ಕೇಳಲಿಲ್ಲ, ಹೇಳಿದವರನ್ನೇ ಕೇಳುತ್ತಾನೆ.

(ಆಕಾಶವಾಣಿಯ ಕೃಪೆ)